ತಲೆ ಬೋಳಿಸಿದರೆ ಬಲ ಬರುವುದೇ?

ಕಳೆದ ತಿಂಗಳು ಸಂಘದ ನಾಟಕದ ವಿರಾಮದಲ್ಲಿ, ಸಭಾಗೃಹದ ಹೊರಗೆ ಚಹಾ ಹೀರುತ್ತ ನಿಂತಿದ್ದ ನಮ್ಮ ಗುಂಪಿನಲ್ಲಿ ಒಂದು ಚರ್ಚೆ ಎದ್ದಿತು. ಹಳೆಯ ಸದಸ್ಯರೊಬ್ಬರು ತಮ್ಮ ಪ್ರೀಮಿಯರ್ ಪದ್ಮಿನಿಯ ಇಂಜಿನ್ ಇಳಿಸಿ ಹೊಸದಾಗಿ ಕಟ್ಟಿಸುತ್ತಿದ್ದಾರೆ. ಗ್ಯಾರೇಜಿನ ಮಿಸ್ತ್ರಿ ಅವರಿಗೆ ಹೇಳಿದನಂತೆ: "ಸೇಠ್, ಹೇಗೂ ಇಂಜಿನ್ ಬಿಚ್ಚಿದೆ, ಹೆಡ್ಡನ್ನು ಎರಡು ಎಂ.ಎಂ. ಫೇಸ್ ಮಾಡಿಸಿಬಿಡೋಣ. ಕಂಪ್ರೆಶನ್ ಏರುತ್ತದೆ, ಪಿಕಪ್ ಬರುತ್ತದೆ, ಎವರೇಜೂ ಬರುತ್ತದೆ." ಕೇಳಿದ ನಾಲ್ವರಲ್ಲಿ ಮೂವರು ತಲೆದೂಗಿದರು. ಒಬ್ಬರಂತೂ, "ಈಗಿನ ಪೆಟ್ರೋಲು ಹಿಂದಿನದರ ಹಾಗಲ್ಲ, ಹಳೆಯ ಕಂಪ್ರೆಶನ್ನಿನಲ್ಲಿ ಓಡಿಸುವುದೆಂದರೆ ದುಡ್ಡು ಸುಟ್ಟ ಹಾಗೆ" ಎಂದು ತೀರ್ಪನ್ನೇ ಕೊಟ್ಟರು. ಬೇಡವೆಂದವರು ನಾವು ಮಾತ್ರ. ಅಷ್ಟರಲ್ಲಿ ಗಂಟೆ ಬಾರಿಸಿತು, ಪರದೆ ಎದ್ದಿತು, ನಮ್ಮ ವಾದ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಸಂಪಾದಕರ ಅನುಮತಿಯಿಂದ ಇಲ್ಲಿ ಪೂರೈಸುತ್ತಿದ್ದೇವೆ.

ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಜಿನ್ ಹೆಡ್ಡಿನ ಪುರಾಣವೇಕೆ ಎಂದು ಹುಬ್ಬೇರಿಸುವವರಿಗೆ ಮೊದಲೇ ಒಂದು ಮಾತು. ಮುಂಬಯಿಯಲ್ಲಿ ಮೋಟಾರು ಕಾರ್ಖಾನೆ ಬೇಕೆಂದು 1930ರ ದಶಕದಲ್ಲಿ ಯೋಜನೆ ತಯಾರಿಸಿ, ವಾಲಚಂದ ಹಿರಾಚಂದರ ಜೊತೆ ಸೇರಿ ಸರಕಾರದ ಬಾಗಿಲು ತಟ್ಟಿದವರು ನಮ್ಮ ವಿಶ್ವೇಶ್ವರಯ್ಯನವರು. ವಾಲಚಂದರು ಕಟ್ಟಿದ ಪ್ರೀಮಿಯರ್ ಕಂಪನಿ ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ತಯಾರಿಸಿತು. 1974ರಿಂದ ಅದೇ ಗಾಡಿಗೆ ಪದ್ಮಿನಿ ಎಂದು ಹೆಸರಾಯಿತು. ವರ್ಷಗಟ್ಟಲೆ ಕಾದು ಅದನ್ನು ಪಡೆದ ಕನ್ನಡ ಮನೆಗಳು ಈ ಊರಿನಲ್ಲಿ ಎಷ್ಟೋ ಇದ್ದವು. ಮೇ ತಿಂಗಳು ಬಂತೆಂದರೆ ಮಕ್ಕಳು, ಮರಿ, ಉಪ್ಪಿನಕಾಯಿಯ ಖಾಲಿ ಜಾಡಿಗಳನ್ನೆಲ್ಲ ತುಂಬಿಕೊಂಡು ಪುಣೆ, ಕೊಲ್ಹಾಪುರದ ದಾರಿಯಾಗಿ ಊರಿಗೆ ಹೊರಡುವುದು, ನಿಪ್ಪಾಣಿ ದಾಟಿದ ಮೇಲೆ ಮೈಲಿಗಲ್ಲಿನ ಕನ್ನಡ ಅಂಕಿಗಳನ್ನು ಯಾರು ಮೊದಲು ಓದುತ್ತಾರೆಂದು ಹಿಂದಿನ ಸೀಟಿನಲ್ಲಿ ಜಗಳ! ಕಪ್ಪು-ಹಳದಿಯ ಪದ್ಮಿನಿ ಟ್ಯಾಕ್ಸಿಗಳೇನೋ 2023ರ ಅಕ್ಟೋಬರಿನಲ್ಲಿ ಮುಂಬಯಿ ರಸ್ತೆಗಳಿಂದ ಕಣ್ಮರೆಯಾದವು. ಆದರೆ ಮನೆಯ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅಂಥವರ ಗಾಡಿಗಳನ್ನೇ ಈ 'ಹೆಡ್ ಫೇಸಿಂಗ್' ಎಂಬ ವ್ಯಾಧಿ ತಿನ್ನುತ್ತಿದೆ.

ಮೊದಲು ಪದವನ್ನೇ ಬಿಡಿಸೋಣ. ಗ್ಯಾರೇಜಿನಲ್ಲಿ 'ಕಂಪ್ರೆಶನ್' ಎಂಬ ಒಂದೇ ಮಾತಿಗೆ ಎರಡು ಅರ್ಥ. ರಿಂಗು ಸವೆದು, ವಾಲ್ವು ಸೋರಿ, ಹೊಗೆ ಕಕ್ಕುವ ಇಂಜಿನ್ ನೋಡಿ "ಕಂಪ್ರೆಶನ್ ಹೋಗಿದೆ" ಎನ್ನುತ್ತಾರೆ. ಅದು ಸೋರಿಕೆಯ ಮಾತು. ಕಂಪ್ರೆಶನ್ ರೇಶಿಯೋ ಎಂಬುದು ಬೇರೆ. ಪಿಸ್ಟನ್ ಕೆಳಗಿದ್ದಾಗ ಅದರ ಮೇಲಿನ ಜಾಗವೆಷ್ಟು, ಮೇಲಕ್ಕೆ ಬಂದು ನಿಂತಾಗ ಉಳಿಯುವ ಜಾಗವೆಷ್ಟು, ಮೊದಲನೆಯದು ಎರಡನೆಯದರ ಎಷ್ಟು ಪಟ್ಟು ಎಂಬ ಲೆಕ್ಕ ಅದು. ಪಠ್ಯಪುಸ್ತಕದವರು ಸಂಪೀಡನ ಅನುಪಾತ ಎಂದು ಬರೆದಿದ್ದಾರೆ. ಗ್ಯಾರೇಜಿಗೆ ಹೋಗಿ ಆ ಪದ ಉಚ್ಚರಿಸಿದರೆ ಕೂರಲು ಸ್ಟೂಲೂ ಸಿಗಲಿಕ್ಕಿಲ್ಲ, ಆದ್ದರಿಂದ ನಾವು ರೇಶಿಯೋ ಎಂದೇ ಕರೆಯುತ್ತೇವೆ.

ಈ ಎರಡು ಅರ್ಥಗಳ ಗೊಂದಲದಲ್ಲೇ ಮಿಸ್ತ್ರಿಯ ಕೀರ್ತಿ ಬೆಳೆಯುವುದು. ಸವೆದ ಇಂಜಿನ್ನಿಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗು ಹಾಕಿ, ವಾಲ್ವುಗಳನ್ನು ಉಜ್ಜಿ ಕೂರಿಸಿದರೆ ಗಾಡಿ ಹುಲಿಯಂತೆ ಓಡಲೇಬೇಕು. ಸೋರಿಕೆ ನಿಂತಿತಲ್ಲ! ಜೊತೆಗೆ ಹೆಡ್ಡನ್ನೂ ತುರಿದಿದ್ದರೆ ಮರ್ಯಾದೆಯೆಲ್ಲ ತುರಿದದ್ದಕ್ಕೇ ಹೋಗುತ್ತದೆ. ಜ್ವರ ಇಳಿದದ್ದು ಮಾತ್ರೆಯಿಂದ, ಹರಕೆ ಸಂದದ್ದು ತಾಯಿತಕ್ಕೆ ಎಂಬ ಹಾಗೆ. "ನಮ್ಮ ಗಾಡಿಗೆ ಫೇಸಿಂಗ್ ಮಾಡಿಸಿದ ಮೇಲೆ ಏನು ಪಿಕಪ್ ಅಂತೀರಿ!" ಎನ್ನುವವರನ್ನು ನಾವು ಕೇಳುವುದು ಒಂದೇ ಪ್ರಶ್ನೆ: ಹೆಡ್ ಮುಟ್ಟದೆ ಬರೀ ರಿಂಗು ಹಾಕಿಸಿ ಓಡಿಸಿ ನೋಡಿದ್ದಿರಾ? ಯಾರೂ ನೋಡಿರುವುದಿಲ್ಲ.

ಇನ್ನು ಲೆಕ್ಕ. ಪದ್ಮಿನಿಯ ಸಿಲಿಂಡರಿನ ಬಾಯಿ 68 ಮಿಲಿಮೀಟರು, ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಒಂದು ಸಿಲಿಂಡರಿಗೆ ಸುಮಾರು 272 ಸಿಸಿ, ನಾಲ್ಕಕ್ಕೆ 1089 ಸಿಸಿ. ರೇಶಿಯೋ ಲೆಕ್ಕದ ಅನುಕೂಲಕ್ಕೆ ಏಳೂವರೆ ಎಂದು ಹಿಡಿಯೋಣ. ಆಗ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ, ಗ್ಯಾಸ್ಕೆಟ್ಟಿನ ದಪ್ಪವೂ ಸೇರಿ, ಸುಮಾರು 42 ಸಿಸಿ. ಒಂದು ಸಣ್ಣ ಕಾಫಿ ಲೋಟದ ಅರ್ಧವೂ ಇಲ್ಲ. ಹೆಡ್ಡಿನ ಗುಳಿಯ ಬಾಯಿ ಸಿಲಿಂಡರಿನ ಬಾಯಿಯಷ್ಟೇ ಅಗಲವೆಂದುಕೊಂಡರೆ ಎರಡು ಮಿಲಿಮೀಟರು ತುರಿದಾಗ ಏಳು ಸಿಸಿಗಿಂತ ತುಸು ಹೆಚ್ಚು ಹೋಯಿತು. ಉಳಿದದ್ದು 35ಕ್ಕೂ ಕಡಿಮೆ. ರೇಶಿಯೋ ಒಮ್ಮೆಗೇ 8.8ಕ್ಕೆ ಏರಿತು.

ಅಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಆದರೆ ಬೋರ್ ಮಾಡಿಸಿದ್ದನ್ನು ಮರೆಯಬಾರದು. 'ನಲವತ್ತು ಸೈಜ್' ಪಿಸ್ಟನ್ ಅಂದರೆ ಸಿಲಿಂಡರಿನ ಬಾಯಿ ಒಂದು ಮಿಲಿಮೀಟರು ದೊಡ್ಡದಾಯಿತು. 272 ಸಿಸಿ ಇದ್ದದ್ದು 280 ಆಯಿತು. ಹೆಚ್ಚು ಗಾಳಿ, ಅದನ್ನು ತುರುಕಲು ಮೇಲೆ ಅಷ್ಟೇ ಜಾಗ. ಹೆಡ್ಡಿಗೆ ಕೈ ಹಚ್ಚದಿದ್ದರೂ ಏಳೂವರೆಯಿದ್ದ ರೇಶಿಯೋ ಬೋರಿಂಗ್ ಒಂದರಿಂದಲೇ 7.7 ಆಗುತ್ತದೆ. ಎರಡೂ ಸೇರಿದರೆ ಒಂಬತ್ತು ದಾಟುತ್ತದೆ. ಇದನ್ನು ಲೆಕ್ಕ ಹಾಕಿ ಹೇಳಿದ ಮಿಸ್ತ್ರಿಯನ್ನು ನಾವು ಕಂಡಿಲ್ಲ. ಕೇಳಿದ ಗಿರಾಕಿಯನ್ನೂ ಕಂಡಿಲ್ಲ.

ಇನ್ನೊಂದು ಗುಟ್ಟಿದೆ. ಈ ಇಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯುಮಿನಿಯಮ್. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಒಮ್ಮೆ ಕಾದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹಾರುತ್ತದೆ, ಸಮ ಮಾಡಲು ಲೇತ್ ಅಂಗಡಿಗೆ ಕಳಿಸುತ್ತಾರೆ. ಅದು ನ್ಯಾಯವಾದ ಕೆಲಸ, ಮಾಡಲೇಬೇಕು. ಮೂವತ್ತು ನಲವತ್ತು ವರ್ಷ ಓಡಿದ ಗಾಡಿಯ ಹೆಡ್ ಹೀಗೆ ಎಷ್ಟು ಸಲ ತುರಿಸಿಕೊಂಡಿದೆಯೋ ಬಲ್ಲವರಾರು? ಹಳೆಯ ಮಾಲಿಕ ಹೇಳುವುದಿಲ್ಲ, ಹಳೆಯ ಮಿಸ್ತ್ರಿ ಊರಿಗೆ ಹೋಗಿ ಎಷ್ಟೋ ಕಾಲವಾಗಿದೆ. ಅಂಥ ಹೆಡ್ಡಿಗೆ 'ಇನ್ನೆರಡು ಎಂ.ಎಂ.' ಎನ್ನುವುದು, ಎಷ್ಟು ಮಾತ್ರೆ ನುಂಗಿದ್ದಾನೆಂದು ಕೇಳದೆ ರೋಗಿಗೆ ಇನ್ನೆರಡು ಕೊಟ್ಟ ಹಾಗೆ.

ಇಷ್ಟೆಲ್ಲ ಮಾಡಿ ಸಿಗುವ ಲಾಭವೆಷ್ಟು? ಇಂಜಿನಿಯರಿಂಗ್ ಕಾಲೇಜಿನ ಎರಡನೇ ವರ್ಷದ ಹುಡುಗನನ್ನು ಕೇಳಿ; ಅವನ ಪುಸ್ತಕದ ಆದರ್ಶ ಇಂಜಿನ್ ಏಳೂವರೆಯಲ್ಲಿ ಶೇಕಡಾ 55 ದಕ್ಷತೆ ತೋರಿಸಿದರೆ ಒಂಬತ್ತರಲ್ಲಿ ಶೇಕಡಾ 58.5. ಇದ್ದುದರ ಮೇಲೆ ನೂರಕ್ಕೆ ಆರೂ ಹೆಚ್ಚಲಿಲ್ಲ. ಅದೂ ಕಾಗದದ ಮೇಲೆ. ರಸ್ತೆಯ ಮೇಲಿನ ನಿಜವಾದ ಇಂಜಿನ್ ದಿನನಿತ್ಯದ ಓಡಾಟದಲ್ಲಿ ಆ 55ರ ಅರ್ಧವನ್ನೂ ಚಕ್ರಕ್ಕೆ ಮುಟ್ಟಿಸುವುದಿಲ್ಲ. ಟೈರಿನ ಗಾಳಿ ಸರಿಯಾಗಿಟ್ಟು, ಕಾರ್ಬ್ಯುರೇಟರ್ ಸ್ವಚ್ಛ ಮಾಡಿಸಿ, ಬ್ರೇಕು ಹಿಡಿದು ಎಳೆಯದಂತೆ ನೋಡಿಕೊಂಡರೆ ಸಿಗುವ ಉಳಿತಾಯ ಇದಕ್ಕೇನೂ ಕಡಿಮೆಯಲ್ಲ. ಆದರೆ ಟೈರಿಗೆ ಗಾಳಿ ಹಾಕಿಸಿದೆನೆಂದು ಗೆಳೆಯರ ಮುಂದೆ ಜಂಬ ಕೊಚ್ಚಿಕೊಳ್ಳಲಾಗುವುದಿಲ್ಲ, ಅದೇ ತೊಂದರೆ.

ನಷ್ಟದ ಕಡೆ ನೋಡೋಣ. ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ಹರಡುತ್ತ ಬರುವಷ್ಟರಲ್ಲಿ, ಮೂಲೆಯಲ್ಲಿ ಉಳಿದ ಮಿಶ್ರಣ ತಾಳಲಾರದೆ ತಾನೇ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಅದೇ ನಾಕಿಂಗ್. ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಸದ್ದು. ಏರಿನಲ್ಲಿ, ಟಾಪ್ ಗೇರಿನಲ್ಲಿ, ಕಾಲು ಒತ್ತಿದಾಗ ಬರುತ್ತದೆ. ಅದನ್ನು ಕೇಳಿಸಿಕೊಂಡೂ ಓಡಿಸುತ್ತ ಹೋದರೆ ಗ್ಯಾಸ್ಕೆಟ್ ಹೋಗುತ್ತದೆ, ರಿಂಗು ಕೂರುವ ಅಂಚು ಮುರಿಯುತ್ತದೆ, ಕಡೆಗೆ ಪಿಸ್ಟನ್ನಿನ ನೆತ್ತಿಯೇ ತೂತು ಬೀಳುತ್ತದೆ. ಈ ಇಂಜಿನ್ನಿನ ಕ್ರ್ಯಾಂಕು ಕೂತಿರುವುದು ಮೂರೇ ಬೇರಿಂಗಿನ ಮೇಲೆ ಎಂಬುದೂ ನೆನಪಿರಲಿ.

"ನಾಕಿಂಗ್ ಬಂದರೆ ಟೈಮಿಂಗ್ ಹಿಂದೆ ಸರಿಸಿದರಾಯಿತು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸರಿಸಬಹುದು, ಸದ್ದೂ ನಿಲ್ಲುತ್ತದೆ. ಆದರೆ ಕಿಡಿ ತಡವಾದರೆ ಪಿಸ್ಟನ್ ಕೆಳಗಿಳಿಯಲು ಹೊರಟ ಮೇಲೆ ಉರಿ ಏಳುತ್ತದೆ. ಹೆಡ್ ತುರಿದು ಗಳಿಸಿದ್ದನ್ನು ಡಿಸ್ಟ್ರಿಬ್ಯೂಟರ್ ತಿರುವಿ ಕಳೆದುಕೊಂಡಂತಾಯಿತು. ಮೇಲೆ ಇಂಜಿನ್ ಇನ್ನಷ್ಟು ಕಾಯುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವ ಈ ವ್ಯಾಪಾರಕ್ಕೆ ನಾವು ಎರಡು ಬಿಲ್ಲು ತೆರುತ್ತೇವೆ.

ಇದು ನಾವು ಕಂಡುಹಿಡಿದ ಸತ್ಯವೇನಲ್ಲ. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ 1919ರಲ್ಲೇ, ಓಡುತ್ತಿರುವಾಗಲೇ ರೇಶಿಯೋ ಬದಲಿಸಬಹುದಾದ ಇಂಜಿನ್ನೊಂದನ್ನು ಕಟ್ಟಿ, ಬೇರೆ ಬೇರೆ ಇಂಧನ ಸುರಿದು ಪರೀಕ್ಷಿಸಿದರು. ರೇಶಿಯೋ ಎಷ್ಟು ಏರಬಹುದೆಂದು ತೀರ್ಮಾನಿಸುವುದರಲ್ಲಿ ಇಂಧನದ ಗುಣದ್ದೇ ದೊಡ್ಡ ಪಾಲು ಎಂಬುದು ಆಗ ಸಿದ್ಧವಾಯಿತು. ಫೋರ್ಡರ ಮಾಡೆಲ್ ಟಿ ನಾಲ್ಕರ ಆಸುಪಾಸಿನ ರೇಶಿಯೋದಲ್ಲಿ ಓಡುತ್ತಿದ್ದುದು ಬುದ್ಧಿ ಸಾಲದೆ ಅಲ್ಲ. ಅಂದಿನ ಪೆಟ್ರೋಲು ಅದಕ್ಕಿಂತ ಹೆಚ್ಚು ತಾಳುತ್ತಿರಲಿಲ್ಲ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸಿನ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ನಾಕಿಂಗ್ ತಡೆದರು. ರೇಶಿಯೋ ಏರಿತು, ಜೊತೆಗೆ ಲೋಕದ ಮಕ್ಕಳ ರಕ್ತದಲ್ಲಿ ಸೀಸವೂ ಏರಿತು. ನಮ್ಮ ದೇಶದಲ್ಲಿ ಆ ವಿಷದ ಪೆಟ್ರೋಲು 2000ದಲ್ಲಿ ಪೂರ್ತಿ ನಿಂತಿತು. ನಾಲ್ಕು ಕುದುರೆಯ ಬಲಕ್ಕಾಗಿ ಮನುಷ್ಯ ಏನೇನು ನುಂಗಬಲ್ಲ ಎಂಬುದು ಬೇರೆಯೇ ಒಂದು ಲೇಖನವಾದೀತು.

ಎದುರಾಳಿಗಳ ಪಕ್ಷದಲ್ಲೂ ಹುರುಳಿಲ್ಲವೆನ್ನುವಷ್ಟು ಹಟಮಾರಿಗಳು ನಾವಲ್ಲ. ಈಗ ಬಂಕಿನಲ್ಲಿ ಸಿಗುವ ಸಾದಾ ಪೆಟ್ರೋಲು ಹೆಚ್ಚು ಆಕ್ಟೇನಿನದು. ಪದ್ಮಿನಿ ಹುಟ್ಟಿದ ಕಾಲದ ಸಾದಾ ಪೆಟ್ರೋಲಿಗಿಂತ ಗಟ್ಟಿ. 2025ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸುವುದೂ ರೂಢಿಗೆ ಬಂದಿದೆ. ಎಥನಾಲ್ ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ಹಳೆಯ ರೇಶಿಯೋದ ಮೇಲೆ ಸ್ವಲ್ಪ ಏರಲು ಅವಕಾಶವಿದೆ, ಒಪ್ಪಿದೆವು. ಆದರೆ ಅದೇ ಎಥನಾಲಿನಲ್ಲಿ ಆಮ್ಲಜನಕವೂ ಇದೆ. ಹೊಸ ಗಾಡಿಯ ಕಂಪ್ಯೂಟರು ಅದನ್ನು ಅರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. ನಮ್ಮ ಕಾರ್ಬ್ಯುರೇಟರಿನ ಹಿತ್ತಾಳೆಯ ಜೆಟ್ಟಿಗೆ ಅಂಥ ಜ್ಞಾನವಿಲ್ಲ. ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಕಾಯುತ್ತದೆ, ಹಳೆಯ ರಬ್ಬರು ಪೈಪುಗಳೂ ಮೆತ್ತಗಾಗುತ್ತವೆ. ಹೆಡ್ ತುರಿಸಲು ಅವಸರಪಡುವವರಲ್ಲಿ ಜೆಟ್ ಬದಲಿಸಿದವರೆಷ್ಟು ಮಂದಿ?

"ಹೊಸ ಕಾರುಗಳಲ್ಲಿ ಹತ್ತು, ಹನ್ನೊಂದು ರೇಶಿಯೋ ಇರುವುದಿಲ್ಲವೇ?" ಎಂದು ಕೇಳುವವರಿಗೂ ಉತ್ತರ ಇದೇ. ಆ ಇಂಜಿನ್ನಿಗೆ ನಾಕಿಂಗಿನ ಮೊದಲ ಸದ್ದನ್ನೇ ಕೇಳಿಸಿಕೊಳ್ಳುವ ಕಿವಿಯಿದೆ. ಕೇಳಿದ ತಕ್ಷಣ ಕಿಡಿಯನ್ನು ಹಿಂದೆ ಸರಿಸುವ ಯಂತ್ರವಿದೆ, ಗುಳಿಯ ಆಕಾರವನ್ನೇ ಅದಕ್ಕೆ ತಕ್ಕಂತೆ ಮಾಡಿದ್ದಾರೆ. ಮೊಮ್ಮಗ ಮೆಟ್ಟಿಲು ಹಾರಿ ಇಳಿದನೆಂದು ಅಜ್ಜನನ್ನೂ ಹಾರಿಸುವುದೇ? ನಿಜವಾಗಿ ಹೆಚ್ಚಿನ ರೇಶಿಯೋ ಸಲ್ಲುತ್ತಿದ್ದುದು ಸಿ.ಎನ್.ಜಿ.ಗೆ ಬದಲಾದ ಪದ್ಮಿನಿ ಟ್ಯಾಕ್ಸಿಗಳಿಗೆ. ಆ ಅನಿಲ ಪೆಟ್ರೋಲಿಗಿಂತ ಎಷ್ಟೋ ಹೆಚ್ಚು ಒತ್ತಡ ತಾಳುತ್ತದೆ.

ಈಗ ನಮ್ಮ ಮನೆಯ ಕಥೆ. ಇಷ್ಟು ಹೊತ್ತು ನ್ಯಾಯಾಧೀಶರಂತೆ ಮಾತಾಡಿದ ನಾವೂ ಅಪರಾಧಿಗಳೇ. ನಮ್ಮ ತೀರ್ಥರೂಪರು 1986ರಲ್ಲಿ ತಂದ ಪದ್ಮಿನಿಯನ್ನು ಅವರು ತೀರಿಕೊಂಡ ಮರುವರ್ಷ ನಾವು ಅಣ್ಣತಮ್ಮಂದಿರು ಸೇರಿ ಹೊಸದಾಗಿ ಕಟ್ಟಿಸಿದೆವು. ಅವರ ನೆನಪಿಗಾಗಿ ಎಂದು ಹೊರಟದ್ದು. ಗ್ಯಾರೇಜಿನವನು ಇದೇ ಮಂತ್ರ ಹೇಳಿದ, ನಾವು ಇದೇ ರೀತಿ ತಲೆದೂಗಿದೆವು. ಎಷ್ಟು ತುರಿದರೆಂದು ಕೇಳಲೂ ಇಲ್ಲ. ಮುಂಬಯಿಯ ಸಮತಟ್ಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಮೇ ತಿಂಗಳ ಬಿಸಿಲಿನಲ್ಲಿ, ಮನೆಮಂದಿಯೆಲ್ಲ ಕೂತು ಊರಿಗೆ ಹೊರಟಾಗ ಖಂಡಾಳಾ ಘಾಟಿನಲ್ಲಿ ಹರಳಿನ ಸದ್ದು ಶುರುವಾಯಿತು. "ವಾಲ್ವಿನ ಸದ್ದು, ಹೋಗುತ್ತದೆ" ಎಂದು ನಮ್ಮಲ್ಲೊಬ್ಬರು ಧೈರ್ಯ ಹೇಳಿದರು. ಹೇಳಿದ್ದು ಯಾರೆಂದು ಮನೆಯಲ್ಲಿ ಇಂದಿಗೂ ಚರ್ಚೆ ನಡೆಯುತ್ತದೆ. ಘಾಟು ಹತ್ತಿ ಮುಗಿಯುವ ಮೊದಲೇ ಇಂಜಿನ್ ನೀಲಿ ಹೊಗೆ ಕಕ್ಕಿ ಮೂರು ಸಿಲಿಂಡರಿನಲ್ಲಿ ಕುಂಟತೊಡಗಿತು. ಎಂಬತ್ತು ದಾಟಿದ ನಮ್ಮ ತಾಯಿಯವರು ರಸ್ತೆಯ ಬದಿಯ ಕಲ್ಲಿನ ಮೇಲೆ ನಾಲ್ಕು ಗಂಟೆ ಕೂತರು. ಗಾಡಿಯನ್ನು ಬೈಯಲಿಲ್ಲ, ನಮ್ಮನ್ನೂ ಬೈಯಲಿಲ್ಲ. "ಅವರಿದ್ದಾಗ ಇದು ಒಂದು ಸಲವೂ ನಿಂತಿರಲಿಲ್ಲ" ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಾಗಿತ್ತು.

ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ನೆತ್ತಿಯಲ್ಲಿ ಕಿರುಬೆರಳು ಹೋಗುವಷ್ಟು ತೂತು. ಆಗ ಬುದ್ಧಿ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಳೆಯಲು ಕೂತೆವು. ಅಳೆಯುವುದೇನು ಮಹಾವಿದ್ಯೆಯಲ್ಲ. ಕಾಲೇಜಿನ ರಸಾಯನಶಾಸ್ತ್ರದ ಬ್ಯುರೆಟ್ ಒಂದು, ಸಣ್ಣ ತೂತು ಕೊರೆದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ತುಂಡೊಂದು, ಸ್ವಲ್ಪ ಗ್ರೀಸು, ಸ್ವಲ್ಪ ಸೀಮೆಎಣ್ಣೆ. ವಾಲ್ವು, ಪ್ಲಗ್ಗು ಕೂರಿಸಿದ ಹೆಡ್ಡನ್ನು ಅಂಗಾತ ಮಲಗಿಸಿ, ಗುಳಿಯ ಸುತ್ತ ಗ್ರೀಸು ಸವರಿ, ಪ್ಲಾಸ್ಟಿಕ್ ಒತ್ತಿ, ತೂತಿನಿಂದ ಎಣ್ಣೆ ಬಿಡುವುದು. ಗುಳ್ಳೆಯಿಲ್ಲದೆ ತುಂಬಿದಾಗ ಬ್ಯುರೆಟ್ಟಿನಲ್ಲಿ ಎಷ್ಟು ಇಳಿಯಿತೋ ಅಷ್ಟು ಸಿಸಿ. ಅದಕ್ಕೆ ಬಿಗಿದ ಗ್ಯಾಸ್ಕೆಟ್ಟಿನ ಜಾಗ, ಪಿಸ್ಟನ್ನಿನ ನೆತ್ತಿಗೂ ಬ್ಲಾಕಿನ ಅಂಚಿಗೂ ನಡುವಿನ ಜಾಗ ಕೂಡಿಸಿದರೆ ಲೆಕ್ಕ ಮುಗಿಯಿತು. ನಾಲ್ಕು ಗುಳಿಗೆ ಒಂದು ಮಧ್ಯಾಹ್ನ ಸಾಕು.

ನಮ್ಮ ನಾಲ್ಕು ಸಿಲಿಂಡರುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಜಾಗವಿದ್ದದ್ದು 33 ಸಿಸಿ, ಹೆಚ್ಚಿದ್ದದ್ದು 36. ಅಂದರೆ ಒಂದೇ ಇಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಒಂಬತ್ತೂವರೆ ರೇಶಿಯೋ, ಇನ್ನೊಂದಕ್ಕೆ 8.8. ತುರಿಯುವಾಗ ಹೆಡ್ ಓರೆಯಾಗಿ ಕೂತಿತ್ತು. ತೂತು ಬಿದ್ದ ಸಿಲಿಂಡರೇ ಆ ಒಂಬತ್ತೂವರೆಯದು. ಕುರ್ಲಾದ ಗುಜರಿಯಲ್ಲಿ ನಾಲ್ಕು ವಾರ ಅಲೆದು ಹೆಚ್ಚು ತುರಿಸಿಕೊಳ್ಳದ ಹಳೆಯ ಹೆಡ್ಡೊಂದನ್ನು ಹುಡುಕಿದೆವು. ಸಮವಾಗುವಷ್ಟು ಮಾತ್ರ ಫೇಸ್ ಮಾಡಿಸಿ, ಗುಳಿಗಳನ್ನು ಕೈಯಿಂದ ಉಜ್ಜಿ, ನಾಲ್ಕೂ ಸಿಲಿಂಡರಿನ ಜಾಗವನ್ನು ಮೂವತ್ತೆಂಟೂವರೆ ಸಿಸಿಗೆ ತಂದೆವು. ರೇಶಿಯೋ 8.3 ಆಯಿತು, ಕಂಪನಿಯದಕ್ಕಿಂತ ಹೆಚ್ಚೇ, ಗಮನಿಸಿ. ಏರಿಸುವುದು ಪಾಪವೆಂದು ನಾವು ಹೇಳುತ್ತಿಲ್ಲ. ಆಮೇಲೆ ಅದೇ ಘಾಟನ್ನು ಅದೇ ಮೇ ಬಿಸಿಲಿನಲ್ಲಿ ಹತ್ತಿದ್ದೇವೆ, ಹರಳಿನ ಸದ್ದಿಲ್ಲ.

ನಮ್ಮ ಸಿಟ್ಟು ಮಿಸ್ತ್ರಿಯ ಮೇಲೆ ಮಾತ್ರವಲ್ಲ. ಅವನಿಗೆ ಯಾರೂ ಬ್ಯುರೆಟ್ ತೋರಿಸಿಲ್ಲ. ಎಂಟನೇ ವಯಸ್ಸಿನಿಂದ ನಟ್ಟು ಬಿಗಿಯುತ್ತ ಬಂದವನು ಗುರು ಹೇಳಿದ್ದನ್ನು ಹೇಳುತ್ತಾನೆ. ಸಿಟ್ಟು ನಮ್ಮವರ ಮೇಲೆ. ಮನೆಗೊಬ್ಬ ಇಂಜಿನಿಯರಿದ್ದಾನೆ. ದಕ್ಷತೆಯ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತಂದಿದ್ದಾನೆ. ಆದರೆ ಅಪ್ಪನ ಗಾಡಿಯ ಹೆಡ್ ಲೇತಿನ ಮೇಲೆ ಕೂತಾಗ ಅಲ್ಲಿ ಹೋಗಿ ನಿಲ್ಲುವುದಿಲ್ಲ, ಕೈಗೆ ಎಣ್ಣೆ ಹತ್ತುತ್ತದೆಂದು. ನಾವೂ ಕಳಿಸುವುದಿಲ್ಲ. ಗ್ಯಾರೇಜಿನ ಕೆಲಸ ನಮ್ಮ ಮಕ್ಕಳಿಗೆ ತಕ್ಕದ್ದಲ್ಲವೆಂಬ ಹಮ್ಮು ನಮಗೆ. ಆ ಹಮ್ಮಿನ ಬಿಲ್ಲನ್ನು ಗ್ಯಾರೇಜಿನವನೇ ವಸೂಲು ಮಾಡುತ್ತಾನೆ.

ಸದರಿ ಸದಸ್ಯರ ಹೆಡ್ ಇನ್ನೂ ಲೇತ್ ಅಂಗಡಿಗೆ ಹೋಗಿಲ್ಲವೆಂದು ಮೊನ್ನೆ ತಿಳಿಯಿತು. ಅವರಲ್ಲಿ ನಮ್ಮ ವಿನಂತಿ: ಈ ಭಾನುವಾರ ಅದನ್ನು ಗೋಣಿಚೀಲದಲ್ಲಿ ಸುತ್ತಿ ನಮ್ಮ ಮನೆಗೆ ತನ್ನಿ. ಬ್ಯುರೆಟ್, ಸೀಮೆಎಣ್ಣೆ ನಮ್ಮದು. ಇಂಜಿನಿಯರ್ ಮಗನನ್ನೂ ಕರೆತನ್ನಿ, ಓದುವುದು ಅವನಿರಲಿ. ನಮ್ಮ ಕಣ್ಣಿಗೆ ಈಗ ಆ ಸಣ್ಣ ಗೆರೆಗಳು ಕಾಣುವುದಿಲ್ಲ.